ಹೊಲದಲ್ಲಿ ನಿಲ್ಲಿಸಿದ ಟ್ರೇಲರ್ ಕಳುವಾಗದಂತೆ ಏನೇನು ಮಾಡಬೇಕು?

ಟ್ರ್ಯಾಕ್ಟರ್ ಕದಿಯುವುದಕ್ಕಿಂತ ಟ್ರೇಲರ್ ಕದಿಯುವುದು ಸುಲಭ. ಟ್ರ್ಯಾಕ್ಟರಿಗೆ ಕೀಲಿ ಬೇಕು, ಸ್ಟಾರ್ಟ್ ಮಾಡಿದರೆ ಇಡೀ ಓಣಿ ಏಳುತ್ತದೆ. ಟ್ರೇಲರಿಗೆ ಕೀಲಿಯೂ ಇಲ್ಲ, ಸದ್ದೂ ಇಲ್ಲ. ಕಳ್ಳ ತನ್ನದೇ ಟ್ರ್ಯಾಕ್ಟರ್ ತರುತ್ತಾನೆ, ಹಿಂದಕ್ಕೆ ಒತ್ತಿ ನಿಲ್ಲಿಸುತ್ತಾನೆ, ಪಿನ್ ಹಾಕಿ ಎಳೆದುಕೊಂಡು ಹೋಗುತ್ತಾನೆ. ದಾರಿಯಲ್ಲಿ ನೋಡಿದವರಿಗೂ ಅನುಮಾನ ಬರುವುದಿಲ್ಲ. ಸುಗ್ಗಿಯಲ್ಲಿ ಗೋವಿನಜೋಳ, ಮೆಣಸಿನಕಾಯಿ, ಕಬ್ಬು ಹೇರಿಕೊಂಡು ರಾತ್ರಿಯೆಲ್ಲ ಓಡಾಡುವ ಟ್ರ್ಯಾಕ್ಟರ್ ನಮ್ಮ ಕಡೆ ಎಷ್ಟಿಲ್ಲ?

ನವಲಗುಂದ, ಅಣ್ಣಿಗೇರಿ, ರೋಣ, ಸವಣೂರು, ಎಲ್ಲಿ ಹೋದರೂ ಊರೊಳಗಿನ ಓಣಿಗಳು ಇಕ್ಕಟ್ಟು. ಟ್ರ್ಯಾಕ್ಟರ್ ಹೇಗೋ ಮನೆ ಮುಂದೆ ಬರುತ್ತದೆ, ಟ್ರೇಲರ್ ಬರುವುದಿಲ್ಲ. ಹಾಗಾಗಿ ಅದು ಅಗಸಿ ಹತ್ತಿರ, ಕಣದಲ್ಲಿ, ತಿಪ್ಪೆ ಪಕ್ಕ, ಇಲ್ಲವೇ ರಸ್ತೆ ಬದಿಯ ಹೊಲದಲ್ಲಿ ನಿಲ್ಲುತ್ತದೆ. ಇದನ್ನು ತಪ್ಪಿಸಲು ಹೆಚ್ಚಿನವರಿಗೆ ಆಗುವುದಿಲ್ಲ. ಆದ್ದರಿಂದ ಹೊರಗೇ ನಿಲ್ಲುವ ಟ್ರೇಲರನ್ನು ಕಾಪಾಡುವುದು ಹೇಗೆ ಅಂತ ನೋಡೋಣ.

ಎರಡು ವಿಷಯ ತಲೆಯಲ್ಲಿ ಇಟ್ಟುಕೊಳ್ಳಿ. ಒಂದು, ಕಳ್ಳನಿಗೆ ಹೊತ್ತು ಹಿಡಿಯುವಂತೆ ಮಾಡಬೇಕು. ಎರಡು, ಟ್ರೇಲರ್ ಎಲ್ಲಿಗೆ ಹೋದರೂ, ಬಣ್ಣ ಬದಲಿಸಿದರೂ, ಇದು ಇಂಥವರದು ಎಂದು ತೋರಿಸುವ ಗುರುತು ಇರಬೇಕು. ನಮ್ಮವರು ಬೀಗಕ್ಕೆ ದುಡ್ಡು ಹಾಕುತ್ತಾರೆ, ಗುರುತನ್ನು ಮರೆಯುತ್ತಾರೆ. ಆದರೆ ಹೋದ ಟ್ರೇಲರ್ ವಾಪಸ್ ಬರುವುದು ಗುರುತಿನಿಂದಲೇ.

ಮೊದಲು ಜಾಗ ಮತ್ತು ದಿಕ್ಕು

ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ಟ್ರ್ಯಾಕ್ಟರಿಗೆ ಸಿಕ್ಕಿಸುವ ಮುಂದಿನ ರಿಂಗು ರಸ್ತೆ ಕಡೆ ಮುಖ ಮಾಡಿರಬಾರದು. ಸಂಜೆ ಹೊಲದಿಂದ ಬಂದವರು ಬೆಳಗ್ಗೆ ಸಲೀಸಾಗಿ ಸಿಕ್ಕಿಸಲಿ ಅಂತ ರಸ್ತೆಗೆ ಮುಖ ಮಾಡಿಯೇ ನಿಲ್ಲಿಸುತ್ತಾರೆ. ನಮಗೆ ಸಲೀಸಾದದ್ದು ಕಳ್ಳನಿಗೂ ಸಲೀಸು. ರಿಂಗನ್ನು ಗೋಡೆಗೋ ದೊಡ್ಡ ಬೇವಿನ ಮರಕ್ಕೋ ಮುಖ ಮಾಡಿ, ಟ್ರ್ಯಾಕ್ಟರಿನ ಹಿಂಭಾಗ ಅಲ್ಲಿ ತೂರದಷ್ಟು ಹತ್ತಿರ ನಿಲ್ಲಿಸಿ. ಬೆಳಗ್ಗೆ ನಾಲ್ಕು ಜನ ಸೇರಿ ಸ್ವಲ್ಪ ತಳ್ಳಬೇಕಾಗುತ್ತದೆ, ನಿಜ. ಕಳ್ಳನೂ ತಳ್ಳಲೇಬೇಕು, ಅದೂ ಕತ್ತಲಲ್ಲಿ, ಗಾಲಿಗೆ ಸರಪಳಿ ಇರುವಾಗ.

ಎರಡು ಟ್ರೇಲರ್ ಇದ್ದರೆ ಎರಡರ ರಿಂಗುಗಳನ್ನು ಎದುರುಬದುರು ತಂದು ಒಟ್ಟಿಗೆ ಸರಪಳಿ ಹಾಕಿ. ಕಬ್ಬಿನ ಹಂಗಾಮಿನಲ್ಲಿ ಜೋಡಿ ಟ್ರೇಲರ್ ಇಟ್ಟುಕೊಂಡವರಿಗೆ ಇದು ಬಹಳ ಒಳ್ಳೆಯದು. ನಾಲ್ಕು ಗಾಲಿಯ ಟ್ರೇಲರ್ ಆದರೆ ಮುಂದಿನ ಗಾಲಿಗಳನ್ನು ಪೂರ್ತಿ ಒಂದು ಬದಿಗೆ ತಿರುಗಿಸಿ ಬಿಡಿ.

ಮನೆಯವರ ಅಥವಾ ಪಕ್ಕದ ಹೊಲದವರ ಕಣ್ಣಿಗೆ, ಕಿವಿಗೆ ಬೀಳುವ ಜಾಗವೇ ಒಳ್ಳೆಯದು. ಬಣವೆ ಮರೆಯಲ್ಲಿ ನಿಲ್ಲಿಸಿದರೆ ರಸ್ತೆಯವರಿಗೆ ಕಾಣುವುದಿಲ್ಲ ಅಂತ ಕೆಲವರು ಹೇಳುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಟ್ರೇಲರ್ ಎಲ್ಲಿದೆ ಅಂತ ಕಳ್ಳ ಹಗಲಲ್ಲೇ ನೋಡಿ ಹೋಗಿರುತ್ತಾನೆ. ಮರೆ ಇದ್ದರೆ ರಾತ್ರಿ ಅವನು ನಿಶ್ಚಿಂತೆಯಿಂದ ಕೆಲಸ ಮಾಡುತ್ತಾನೆ.

ರಿಂಗಿಗೆ ಬೀಗ

ಪಿನ್ ತೆಗೆದು ಮನೆಗೆ ತಂದರೆ ಸಾಕು ಅನ್ನುವ ನಂಬಿಕೆ ಹಳ್ಳಿಗಳಲ್ಲಿ ಇದೆ. ಆದರೆ ಪಿನ್ ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ, ಕಳ್ಳನ ಟ್ರ್ಯಾಕ್ಟರಿನಲ್ಲಿ ಆಗಲೇ ಇರುತ್ತದೆ. ಮುಚ್ಚಬೇಕಾದದ್ದು ರಿಂಗಿನ ತೂತು.

ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಇದನ್ನು ಮಾಡಿಸಬಹುದು. ಸುಮಾರು 10 ಎಂಎಂ ದಪ್ಪದ ಎರಡು ಕಬ್ಬಿಣದ ಪ್ಲೇಟ್ ಬೇಕು, ರಿಂಗಿಗಿಂತ ಅಗಲ ಇರಲಿ. ಒಂದು ಪ್ಲೇಟಿಗೆ ದಪ್ಪ ಸರಳು ವೆಲ್ಡ್ ಮಾಡಿಸಿ. ಸರಳು ರಿಂಗಿನ ತೂತಿನಲ್ಲಿ ಬಿಗಿಯಾಗಿ ಕೂಡಬೇಕು, ಸಡಿಲ ಇದ್ದರೆ ಬಡಿದು ಮುರಿಯುತ್ತಾರೆ. ಸರಳನ್ನು ಮೇಲಿನಿಂದ ರಿಂಗಿನೊಳಗೆ ಇಳಿಸಿ, ಕೆಳಗಿನಿಂದ ಇನ್ನೊಂದು ಪ್ಲೇಟ್ ಕೊಟ್ಟು, ಸರಳಿನ ತುದಿಯ ತೂತಿಗೆ ಬೀಗ ಹಾಕಬೇಕು. ಬೀಗ ಕೂಡುವ ಜಾಗದ ಸುತ್ತ ದಪ್ಪ ಪೈಪಿನ ತುಂಡೊಂದನ್ನು ವೆಲ್ಡ್ ಮಾಡಿಸಲು ಮರೆಯಬೇಡಿ. ಬೀಗ ಪೈಪಿನೊಳಗೆ ಅಡಗಿದರೆ ಕಟರ್ ಅದರ ಕುತ್ತಿಗೆಗೆ ತಾಗುವುದಿಲ್ಲ. ಇಷ್ಟಾದ ಮೇಲೆ ಟ್ರ್ಯಾಕ್ಟರಿನ ಹುಕ್ಕಿಗೆ ರಿಂಗು ಹೋಗುವುದೇ ಇಲ್ಲ.

ನಾಲ್ಕು ಗಾಲಿಯ ಟ್ರೇಲರಿನವರಿಗೆ ಇನ್ನೂ ಒಳ್ಳೆಯ ದಾರಿ ಇದೆ. ಅದರ ಮುಂದಿನ ತ್ರಿಕೋನದ ಚೌಕಟ್ಟು ಸಾಮಾನ್ಯವಾಗಿ ಎರಡು ಪಿನ್ನಿನ ಮೇಲೆ ಕೂತಿರುತ್ತದೆ. ವಾರಗಟ್ಟಲೆ ಕೆಲಸ ಇಲ್ಲದಿದ್ದರೆ ಪಿನ್ ಬಿಚ್ಚಿ ಆ ಚೌಕಟ್ಟನ್ನೇ ದನದ ಮನೆಯೊಳಗೆ ತಂದಿಡಿ. ಇಬ್ಬರು ಎತ್ತಬಹುದು. ಎರಡು ಗಾಲಿಯ ಟ್ರೇಲರಿನಲ್ಲಿ ಅದು ಚಾಸಿಗೆ ವೆಲ್ಡ್ ಆಗಿರುತ್ತದೆ, ಅಲ್ಲಿ ಬೀಗವೇ ಗತಿ.

ಆದರೂ ರಿಂಗಿನ ಬೀಗ ಒಂದೇ ಸಾಲದು. ಚಾಸಿಗೆ ಸರಪಳಿ ಸುತ್ತಿ ಎಳೆದೊಯ್ಯಲು ಬರುತ್ತದೆ. ಹಾಗಾಗಿ ಗಾಲಿಯೂ ತಿರುಗದಂತೆ ಮಾಡಬೇಕು.

ಗಾಲಿ ಮತ್ತು ಸರಪಳಿ

ದನ ಕಟ್ಟುವ ಮೆತ್ತನೆ ಕಬ್ಬಿಣದ ಸರಪಳಿಯನ್ನು ದೊಡ್ಡ ಕಟರ್ ಒಂದೇ ಪಟ್ಟಿಗೆ ಕಡಿಯುತ್ತದೆ. ಹದ ಕೊಟ್ಟ ಉಕ್ಕಿನ ಸರಪಳಿ ತನ್ನಿ. ಕೊಂಡಿಯ ದಪ್ಪ 10 ಎಂಎಂಗಿಂತ ಕಡಿಮೆ ಬೇಡ. ಬೀಗದ ಕುತ್ತಿಗೆಯ ಮೇಲೆ ‘ಹಾರ್ಡನ್ಡ್’ ಎಂಬ ಅಚ್ಚು ಇದೆಯೇ ನೋಡಿ ಕೊಳ್ಳಿ. ಕುತ್ತಿಗೆ ಕಾಣದಷ್ಟು ಮುಚ್ಚಿರುವ ಬೀಗ ಇನ್ನೂ ಒಳ್ಳೆಯದು.

ಸರಪಳಿಯನ್ನು ಗಾಲಿಯ ಡಿಸ್ಕಿನ ತೂತಿನಲ್ಲಿ ತೂರಿಸಿ, ಆಕ್ಸೆಲ್ ಸುತ್ತ ತಂದು, ಅಲ್ಲಿಂದ ನೆಲದ ಕೊಂಡಿಗೋ ಮರಕ್ಕೋ ಬಿಗಿಯಬೇಕು. ಸರಪಳಿ ನೆಲಕ್ಕೆ ತಾಗಿ ಬಿದ್ದಿರಬಾರದು. ನೆಲದ ಮೇಲೆ ಬಿದ್ದ ಕೊಂಡಿಗೆ ಕಟರಿನ ಒಂದು ಹಿಡಿಕೆ ಊರಿ ಮೈಭಾರ ಹಾಕಬಹುದು, ಸುತ್ತಿಗೆಯಿಂದ ಬಡಿಯಲೂಬಹುದು. ಗಾಳಿಯಲ್ಲಿ ಬಿಗಿಯಾಗಿ ನಿಂತ ಸರಪಳಿ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ.

ಬೀಗಕ್ಕೆ ಎರೆ ಮಣ್ಣಿನ, ಅಂದರೆ ಕಪ್ಪು ಮಣ್ಣಿನ, ಧೂಳೇ ದೊಡ್ಡ ಕಾಟ. ಎಣ್ಣೆ ಬಿಟ್ಟರೆ ಧೂಳು ಅಂಟಿ ಇನ್ನಷ್ಟು ಕಚ್ಚಿಕೊಳ್ಳುತ್ತದೆ. ಗ್ರಾಫೈಟ್ ಪುಡಿ ಹಾಕಿ, ಮೇಲೆ ಹಳೆ ಟ್ಯೂಬಿನ ತುಂಡು ಕಟ್ಟಿ. ಬೀಗ ತೆಗೆಯಲು ಬರದೆ ಒದ್ದಾಡಿದವರು ಒಂದು ವಾರದಲ್ಲಿ ಬೀಗ ಹಾಕುವುದನ್ನೇ ಬಿಡುತ್ತಾರೆ, ಹಾಗಾಗಿ ಇದು ಸಣ್ಣ ಮಾತಲ್ಲ.

ಬ್ಯಾಟರಿ ಗ್ರೈಂಡರ್ ಈಗ ಎಲ್ಲರ ಕೈಯಲ್ಲೂ ಇದೆ. ಅದರ ಮುಂದೆ ಯಾವ ಸರಪಳಿಯೂ ಶಾಶ್ವತ ಅಲ್ಲ. ಆದರೆ ಗ್ರೈಂಡರಿಗೆ ಸದ್ದಿದೆ, ಕಿಡಿ ಇದೆ. ಟ್ರೇಲರ್ ಕಿವಿಗೆ ಬೀಳುವ ಜಾಗದಲ್ಲಿ ಇರಲಿ ಅಂದದ್ದು ಇದಕ್ಕೇ.

ಟ್ರೇಲರ್ ಬಿಟ್ಟು ಬರೀ ಟೈರು ಬಿಚ್ಚಿಕೊಂಡು ಹೋಗುವವರೂ ಇದ್ದಾರೆ. ಪ್ರತಿ ಗಾಲಿಗೆ ಒಂದೊಂದು ನಟ್ಟು ಬೇರೆ ಆಕಾರದ್ದು ಹಾಕಿಸಿ. ಅದಕ್ಕೆ ಬೇರೆಯದೇ ಪಾನಾ ಬೇಕಾಗುತ್ತದೆ. ಆ ಪಾನಾ ಟ್ರ್ಯಾಕ್ಟರಿನ ಪೆಟ್ಟಿಗೆಯಲ್ಲಿ ಇರಲಿ, ಟ್ರೇಲರಿನಲ್ಲಿ ಬೇಡ. ನಟ್ಟನ್ನೇ ವೆಲ್ಡ್ ಮಾಡಿಸುವುದು ಬೇಡವೇ ಬೇಡ. ದಾರಿಯಲ್ಲಿ ಪಂಕ್ಚರ್ ಆದರೆ ಲೋಡಿನ ಸಮೇತ ನಿಲ್ಲುತ್ತೀರಿ. ಅದಕ್ಕಿಂತ ಮುಖ್ಯ, ಟೈರು ಇರುವಾಗ ಡಿಸ್ಕಿಗೆ ವೆಲ್ಡಿಂಗ್ ಬೆಂಕಿ ತಾಗಿದರೆ ಟೈರು ಸಿಡಿದು ಜೀವ ಹೋಗಬಹುದು.

ಎರಡು ಮೂರು ತಿಂಗಳು ಟ್ರೇಲರ್ ನಿಂತೇ ಇರುತ್ತದೆ ಅಂದರೆ ಗಾಲಿಗಳನ್ನೇ ಬಿಚ್ಚಿ ಒಳಗಿಡಿ. ಬಿಸಿಲಿಗೆ ಟೈರು ಬಿರಿಯುವುದೂ ತಪ್ಪುತ್ತದೆ. ಆಕ್ಸೆಲ್ ಕೆಳಗೆ ದಪ್ಪ ಮರದ ದಿಮ್ಮಿ ಅಥವಾ ಹಾಸುಗಲ್ಲು ಕೊಡಿ, ಇಟ್ಟಿಗೆ ಬೇಡ, ಒಡೆಯುತ್ತದೆ. ಜಾಕಿನ ಮೇಲಷ್ಟೇ ನಿಂತ ಟ್ರೇಲರಿನ ಕೆಳಗೆ ಯಾರೂ ತಲೆ ಹಾಕಬಾರದು. ಹೈಡ್ರಾಲಿಕ್ ಟ್ರೇಲರಿನವರು ಪೈಪನ್ನು ಬಿಚ್ಚಿ, ತುದಿಗೆ ಧೂಳು ಹೋಗದಂತೆ ಮುಚ್ಚಿ ಮನೆಗೆ ತನ್ನಿ.

ನೆಲದ ಕೊಂಡಿ: ಎರೆ ಬೇರೆ, ಮಸಾರಿ ಬೇರೆ

ಮರ ಇಲ್ಲದ ಕಡೆ ನೆಲದಲ್ಲಿ ಕೊಂಡಿ ಹೂಳಬೇಕು. ಇಲ್ಲಿ ಮಣ್ಣು ನೋಡಿ ಕೆಲಸ ಮಾಡಿ. ನವಲಗುಂದ, ನರಗುಂದ, ಅಣ್ಣಿಗೇರಿ ಕಡೆಯ ಎರೆ ನೆಲ ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಒಂದೂವರೆ ಅಡಿ ಗುಂಡಿಯಲ್ಲಿ ಹೂತ ಕಾಂಕ್ರೀಟು ಎರಡು ಬೇಸಿಗೆಯಲ್ಲಿ ಸಡಿಲಾಗಿ ಅಲ್ಲಾಡುತ್ತದೆ. ಎರೆಯಲ್ಲಿ ಮೂರೂವರೆ, ನಾಲ್ಕು ಅಡಿ ಆಳ ಬೇಕು. ಗುಂಡಿ ಮೇಲೆ ಕಿರಿದು, ಬುಡದಲ್ಲಿ ಅಗಲ ಇರಲಿ, ಹಂಡೆಯ ಹಾಗೆ. ಆಗ ಮೇಲಿನಿಂದ ಎಳೆದರೂ ಕಿತ್ತು ಬರುವುದಿಲ್ಲ. ಕಲಘಟಗಿ, ಹಾನಗಲ್ ಕಡೆಯ ಗಟ್ಟಿ ಮಸಾರಿಯಲ್ಲಿ, ಅಂದರೆ ಕೆಂಪು ಮಣ್ಣಿನಲ್ಲಿ, ಎರಡೂವರೆ ಅಡಿ ಸಾಕು.

ಕೊಂಡಿಗೆ 20 ಎಂಎಂ ದಪ್ಪದ ಸರಳನ್ನು ಯು ಆಕಾರಕ್ಕೆ ಬಗ್ಗಿಸಿ. ಕೆಳಗಿನ ಎರಡೂ ತುದಿಗಳನ್ನು ಹೊರಕ್ಕೆ ಮಡಚಿ, ಅಡ್ಡ ಸರಳೊಂದನ್ನು ವೆಲ್ಡ್ ಮಾಡಿಸಿ. ಕಾಂಕ್ರೀಟಿಗೆ ಒಂದು ಪಾಲು ಸಿಮೆಂಟ್, ಎರಡು ಪಾಲು ಉಸುಕು, ನಾಲ್ಕು ಪಾಲು ಖಡಿ. ಒಂದು ವಾರ ನೀರುಣಿಸಿ, ಆಮೇಲೆ ಸರಪಳಿ ಹಾಕಿ. ಕೊಂಡಿ ನೆಲದ ಮಟ್ಟಕ್ಕಿಂತ ಸ್ವಲ್ಪವೇ ಮೇಲೆ ಇರಲಿ. ಎತ್ತರ ಇದ್ದಷ್ಟೂ ಕತ್ತರಿಸಲು ಜಾಗ ಸಿಗುತ್ತದೆ, ದನ ಎಡವುತ್ತವೆ.

ಗುರುತು ಮತ್ತು ಕಾಗದ

ಇದನ್ನು ಸುಮ್ನೆ ಓದಿ ಬಿಡಬೇಡಿ. ಟ್ರೇಲರಿನ ತಯಾರಕರ ಪ್ಲೇಟ್ ಎರಡು ರಿವೆಟ್ ಮೇಲೆ ನಿಂತಿರುತ್ತದೆ. ಉಳಿ ಹಾಕಿ ಬಡಿದರೆ ಮುಗಿಯಿತು. ಹೊರಗೆ ಬರೆಸಿದ ಹೆಸರು, ಊರು, ಮೊಬೈಲ್ ನಂಬರಿಗೆ ಒಂದು ಡಬ್ಬಿ ಬಣ್ಣ ಸಾಕು. ಹಾಗಂತ ಬರೆಸಬೇಡಿ ಅಂತಲ್ಲ. ಕಳ್ಳನಿಗೆ ಅದೊಂದು ಕೆಲಸ ಜಾಸ್ತಿ ಆಗುತ್ತದೆ. ಆದರೆ ಅಳಿಸಲಾಗದ ಗುರುತು ಬೇರೆಯೇ ಇರಬೇಕು.

ಅಕ್ಷರದ ಪಂಚ್ ಸೆಟ್ ಇರುವ ವೆಲ್ಡಿಂಗ್ ಅಂಗಡಿಯಲ್ಲಿ ನಿಮ್ಮ ಹೆಸರಿನ ಮೊದಲಕ್ಷರ ಮತ್ತು ಟ್ರೇಲರಿನ ನಂಬರನ್ನು ಎರಡು ಮೂರು ಕಡೆ ಹೊಡೆಸಿ. ಚಾಸಿಯ ಚಾನೆಲ್ಲಿನ ಒಳಮೈ, ಆಕ್ಸೆಲ್ ಮೇಲ್ಭಾಗ, ಬಾಡಿಯ ತಳದ ಅಡ್ಡಪಟ್ಟಿ, ಇಂಥ ಬಗ್ಗಿ ನೋಡಿದರೂ ಬೇಗ ಕಾಣದ ಜಾಗ ಆರಿಸಿ. ಒಂದು ಕಡೆ ವೆಲ್ಡಿಂಗ್ ರಾಡಿನಿಂದಲೇ ನಿಮಗಷ್ಟೇ ಗೊತ್ತಿರುವ ಗುರುತು ಬರೆಸಿ. ಮೂಲ ಚಾಸಿ ನಂಬರನ್ನು ಮಾತ್ರ ಮುಟ್ಟಬಾರದು. ಅದರ ಮೇಲೆ ಇನ್ನೊಂದು ಹೊಡೆದರೆ ನಿಮ್ಮ ಟ್ರೇಲರೇ ಕಳವಿನ ಮಾಲಿನಂತೆ ಕಾಣುತ್ತದೆ. ಗುರುತು ಎಲ್ಲೆಲ್ಲಿದೆ ಅಂತ ಮನೆಯ ಒಬ್ಬರಿಗೆ ಹೇಳಿ. ಊರಿಗೆಲ್ಲ ಹೇಳಬೇಡಿ.

ಆಮೇಲೆ ಫೋಟೋ. ನಾಲ್ಕೂ ಬದಿ, ಚಾಸಿ ನಂಬರ್, ರಹಸ್ಯ ಗುರುತು, ಪ್ರತಿ ಟೈರಿನ ಬದಿಯಲ್ಲಿ ಅಚ್ಚಾದ ಸಂಖ್ಯೆ, ಹಿಂದಿನ ಬಾಗಿಲಿನ ಡೊಂಕು, ತೇಪೆ ಹಾಕಿದ ಜಾಗ. ಎಲ್ಲವನ್ನೂ ತೆಗೆದು ಮಗನಿಗೋ ಅಳಿಯನಿಗೋ ವಾಟ್ಸ್‌ಆ್ಯಪ್ ಮಾಡಿ ಇಡಿ. ಫೋನು ಕೆಟ್ಟರೂ ಅಲ್ಲಿ ಉಳಿಯುತ್ತದೆ.

ಕಾಗದದ ವಿಷಯ. 1988ರ ಮೋಟಾರು ವಾಹನ ಕಾಯ್ದೆ ಟ್ರೇಲರನ್ನೂ ಮೋಟಾರು ವಾಹನ ಎಂದೇ ಎಣಿಸುತ್ತದೆ. ಟ್ರ್ಯಾಕ್ಟರಿಗೆ ಒಂದು ನಂಬರ್, ಟ್ರೇಲರಿಗೆ ಬೇರೆಯದೇ ನಂಬರ್. ನಂಬರ್ ಶುರುವಾಗುವುದು ಧಾರವಾಡದಲ್ಲಿ ಕೆಎ-25, ಹುಬ್ಬಳ್ಳಿಯಲ್ಲಿ ಕೆಎ-63, ಗದಗಿನಲ್ಲಿ ಕೆಎ-26, ಹಾವೇರಿಯಲ್ಲಿ ಕೆಎ-27, ರಾಣೆಬೆನ್ನೂರಿನಲ್ಲಿ ಕೆಎ-68. ಆದರೂ ಟ್ರೇಲರಿಗೆ ನಂಬರೇ ಮಾಡಿಸದೆ ಓಡಿಸುವವರನ್ನು ನೋಡುತ್ತೇವೆ. ಅಂಥ ಟ್ರೇಲರ್ ಕಳುವಾದರೆ ನನ್ನದು ಅಂತ ಹೇಳಲು ಏನಿದೆ? ಕಳವಾದದ್ದು ಸಿಕ್ಕರೂ ಬಿಡಿಸಿಕೊಳ್ಳುವುದು ಕಷ್ಟ. ಆರ್‌ಸಿ ಇಲ್ಲದವರು ಮೊದಲು ಅದನ್ನು ಮಾಡಿಸಿ, ಬೀಗ ಆಮೇಲೆ ತನ್ನಿ. ಫ್ಯಾಬ್ರಿಕೇಶನ್ ಅಂಗಡಿಯ ಬಿಲ್ಲನ್ನೂ ಜೋಪಾನ ಮಾಡಿ.

ವಿಮೆಯ ಪಾಲಿಸಿಯನ್ನು ಒಮ್ಮೆ ಬಿಚ್ಚಿ ನೋಡಿ. ಟ್ರ್ಯಾಕ್ಟರಿನ ಪಾಲಿಸಿಯಲ್ಲಿ ಟ್ರೇಲರ್ ತಾನಾಗಿಯೇ ಸೇರಿರುತ್ತದೆ ಅಂದುಕೊಳ್ಳಬೇಡಿ. ಟ್ರೇಲರಿನ ಚಾಸಿ ನಂಬರ್ ಮತ್ತು ಅದರ ಬೆಲೆ ಬೇರೆಯಾಗಿ ಬರೆದಿರಬೇಕು. ಬರೀ ಥರ್ಡ್ ಪಾರ್ಟಿ ವಿಮೆ ಇದ್ದರೆ ಕಳ್ಳತನಕ್ಕೆ ಒಂದು ಪೈಸೆಯೂ ಬರುವುದಿಲ್ಲ.

ಹಳೆ ಟ್ರೇಲರ್ ಕೊಳ್ಳುವವರಿಗೂ ಒಂದು ಮಾತು. ಅಗ್ಗಕ್ಕೆ ಸಿಗುತ್ತದೆ ಅಂತ ಕಾಗದ ಇಲ್ಲದ್ದನ್ನು ತರಬೇಡಿ. ಆರ್‌ಸಿಯಲ್ಲಿರುವ ಚಾಸಿ ನಂಬರನ್ನು ಚಾಸಿಯ ಮೇಲಿನ ನಂಬರಿಗೆ ಹೋಲಿಸಿ. ನಂಬರ್ ಇರುವ ಜಾಗದಲ್ಲಿ ಗ್ರೈಂಡರ್ ಆಡಿಸಿದ ಗುರುತು, ಹೊಸ ಬಣ್ಣ ಕಂಡರೆ ಕೈ ಬಿಡಿ. ಕಳವಿನ ಮಾಲು ಅಂತ ಗೊತ್ತಿದ್ದೂ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ (ಹಳೆ ಐಪಿಸಿ ಬದಲಿಗೆ ಬಂದ ಕಾನೂನು) 317ನೇ ಕಲಂ ಪ್ರಕಾರ ಅದೂ ಅಪರಾಧ. ಇನ್ನೊಬ್ಬ ರೈತನ ಟ್ರೇಲರ್ ಹೋಗುವುದು ಕೊಳ್ಳುವವರು ಇದ್ದಾರೆ ಅಂತಲೇ ಅಲ್ವಾ?

ಬೆಳಕು, ಕ್ಯಾಮೆರಾ, ಟ್ರ್ಯಾಕರ್

ಯಾರಾದರೂ ಹತ್ತಿರ ಬಂದರೆ ಹೊತ್ತುವ ಸೋಲಾರ್ ದೀಪ ಒಳ್ಳೆಯದು. ಹೊಲದಲ್ಲಿ ಕರೆಂಟಿನ ಗೊಡವೆ ಇಲ್ಲ, ತಿಂಗಳಿಗೊಮ್ಮೆ ಮೇಲಿನ ಧೂಳು ಒರೆಸಿದರೆ ಆಯಿತು. ಕ್ಯಾಮೆರಾ ಹಾಕುವುದಾದರೆ ಟ್ರೇಲರಿನ ಕಡೆಗಿಂತ ಅಲ್ಲಿಂದ ರಸ್ತೆಗೆ ಹೋಗುವ ದಾರಿಯ ಕಡೆ ತಿರುಗಿಸಿ. ಎಳೆದೊಯ್ಯುವ ಟ್ರ್ಯಾಕ್ಟರ್ ಯಾವುದು ಅಂತ ಗೊತ್ತಾಗಬೇಕು.

ಜಿಪಿಎಸ್ ಟ್ರ್ಯಾಕರ್ ಬಗ್ಗೆ ಬಹಳ ಜನ ಕೇಳುತ್ತಾರೆ. ಟ್ರೇಲರಿನಲ್ಲಿ ಬ್ಯಾಟರಿ ಇಲ್ಲ, ಹಾಗಾಗಿ ತನ್ನದೇ ಬ್ಯಾಟರಿಯ ಟ್ರ್ಯಾಕರ್ ಬೇಕು. ಅದಕ್ಕೆ ಚಾರ್ಜು, ಸಿಮ್ಮಿಗೆ ರೀಚಾರ್ಜು. ಸುತ್ತಲೂ ಕಬ್ಬಿಣ ಇರುವ ಪೆಟ್ಟಿಗೆಯೊಳಗೆ ಇಟ್ಟರೆ ಸಿಗ್ನಲ್ ಸಿಗದು. ಇದನ್ನೆಲ್ಲ ತಪ್ಪದೆ ನೋಡಿಕೊಳ್ಳುವವರು ಹಾಕಿ. ಇಲ್ಲದವರು ಆ ದುಡ್ಡನ್ನು ಒಳ್ಳೆಯ ಸರಪಳಿಗೆ ಹಾಕುವುದೇ ಮೇಲು.

ಜನ

ಪಕ್ಕದ ಹೊಲದವರ ಬಳಿ ನಿಮ್ಮ ನಂಬರ್ ಇರಲಿ, ಅವರದು ನಿಮ್ಮ ಬಳಿ. "ಕಾಕಾ, ರಾತ್ರಿ ನಮ್ಮ ಟ್ರೇಲರ್ ಯಾರಾದರೂ ಸಿಕ್ಕಿಸಿದರೆ ನನಗೊಂದು ಫೋನ್ ಮಾಡ್ರಿ, ನಾನು ಹೇಳದೆ ಯಾರನ್ನೂ ಕಳಿಸಂಗಿಲ್ಲ" ಅಂತ ಬಾಯಿಬಿಟ್ಟು ಹೇಳಿಡಿ. ಹೇಳದಿದ್ದರೆ ಅವರು ನೋಡಿದರೂ ನಿಮ್ಮ ಕಡೆಯವರೇ ಅಂದುಕೊಂಡು ಮಲಗುತ್ತಾರೆ. ಊರ ಜಾತ್ರೆ, ತೇರಿನ ರಾತ್ರಿ, ದೊಡ್ಡ ಮದುವೆ ಇದ್ದಾಗ ಹೊಲದ ಕಡೆ ಯಾರೂ ಇರುವುದಿಲ್ಲ. ಅಂಥ ದಿನ ಟ್ರೇಲರನ್ನು ಮನೆ ಸಮೀಪಕ್ಕೆ ತನ್ನಿ. ಮನೆಮಂದಿಯೆಲ್ಲ ಪಂಢರಪುರಕ್ಕೋ ಧರ್ಮಸ್ಥಳಕ್ಕೋ ಹೊರಟರೆ ಸ್ಟೇಟಸ್ ಫೋಟೋ ವಾಪಸ್ ಬಂದ ಮೇಲೆ ಹಾಕಿ. ಬೀಗದ ಕೀಲಿ ಎಷ್ಟಿವೆ, ಯಾರ ಬಳಿ ಇವೆ ಅಂತ ಲೆಕ್ಕ ಇರಲಿ. ಡ್ರೈವರ್ ಬದಲಾದರೆ ಬೀಗವೂ ಬದಲಾಗಲಿ, ಇದರಲ್ಲಿ ಯಾರ ಮೇಲೂ ಅನುಮಾನದ ಮಾತಿಲ್ಲ.

ಬೆಳಗ್ಗೆ ಹೋಗಿ ನೋಡಿದರೆ ಟ್ರೇಲರ್ ಇಲ್ಲ

ಟ್ರೇಲರ್ ಎಳೆಯುವ ಟ್ರ್ಯಾಕ್ಟರ್ ಗಂಟೆಗೆ ಸುಮಾರು 20 ಕಿಲೋಮೀಟರ್ ಹೋಗುತ್ತದೆ ಅಂದುಕೊಳ್ಳಿ. ನಾಲ್ಕು ತಾಸಿಗೆ ಹುಬ್ಬಳ್ಳಿಯಿಂದ ಹಾವೇರಿ ಮುಟ್ಟಬಹುದು. ಆದ್ದರಿಂದ ಮೊದಲ ಒಂದೆರಡು ತಾಸು ಬಹಳ ಮುಖ್ಯ.

ಜಾಗವನ್ನು ಯಾರೂ ತುಳಿಯದಂತೆ ನೋಡಿ. ಎರೆ ಮಣ್ಣಿನಲ್ಲಿ ಟೈರಿನ ಅಚ್ಚು ಚೆನ್ನಾಗಿ ಮೂಡಿರುತ್ತದೆ. ದನ ಬರುವ ಮೊದಲೇ ಅದರ ಪಕ್ಕ ಅಳತೆಗೆ ಏನಾದರೂ ಇಟ್ಟು ಫೋಟೋ ತೆಗೆಯಿರಿ. ಕತ್ತರಿಸಿದ ಸರಪಳಿ, ಬೀಗ ಮುಟ್ಟಬೇಡಿ. 112ಕ್ಕೆ ಕರೆ ಮಾಡಿ, ನಂತರ ಠಾಣೆಗೆ ಹೋಗಿ. ನೀವೇ ಗುಂಪು ಕಟ್ಟಿಕೊಂಡು ಬೆನ್ನು ಹತ್ತುವುದು ಅಪಾಯ.

2024ರ ಜುಲೈ 1ರಿಂದ ಹೊಸ ಕಾನೂನು ಜಾರಿಯಲ್ಲಿದೆ. ಹಳೆ ಸಿಆರ್‌ಪಿಸಿ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಕಳ್ಳತನ ಯಾವ ಠಾಣೆಯ ಸರಹದ್ದಿನಲ್ಲಿ ಆಗಿದ್ದರೂ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಆನ್‌ಲೈನ್‌ನಲ್ಲಿ ಮಾಹಿತಿ ಕೊಟ್ಟರೆ 3 ದಿನದೊಳಗೆ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕು, ಕೇಳಿ ಪಡೆಯಿರಿ. ದೂರಿನಲ್ಲಿ ಬರೀ ‘ಟ್ರೇಲರ್’ ಅಂತ ಬರೆಸಬೇಡಿ. ನೋಂದಣಿ ಸಂಖ್ಯೆ, ಚಾಸಿ ಸಂಖ್ಯೆ, ಟೈರಿನ ಸಂಖ್ಯೆ, ರಹಸ್ಯ ಗುರುತು ಎಲ್ಲವೂ ಇರಲಿ. ಸರಕು ಸಾಗಿಸುವ ವಾಹನದ ಕಳ್ಳತನಕ್ಕೆ ನ್ಯಾಯ ಸಂಹಿತೆಯ 305ನೇ ಕಲಂನಲ್ಲಿ 7 ವರ್ಷದವರೆಗೆ ಶಿಕ್ಷೆ ಇದೆ. ಸಾದಾ ಕಳ್ಳತನಕ್ಕೆ 3 ವರ್ಷದವರೆಗೆ. ಹಾಗಾಗಿ ಕಳುವಾದದ್ದು ವಾಹನ ಅನ್ನುವುದು ದೂರಿನಲ್ಲಿ ಸ್ಪಷ್ಟವಾಗಿ ಬರಬೇಕು.

ಅದೇ ದಿನ ದಾರಿಯ ಪೆಟ್ರೋಲ್ ಬಂಕ್, ಧಾಬಾ, ಟೋಲ್ ನಾಕಾಗಳ ಕ್ಯಾಮೆರಾ ಬಗ್ಗೆ ಪೊಲೀಸರಿಗೆ ನೆನಪಿಸಿ. ಹಳೆಯ ದೃಶ್ಯಗಳು ಕೆಲವು ದಿನಗಳಲ್ಲಿ ಅಳಿಸಿಹೋಗುತ್ತವೆ. ನಿಮ್ಮ ಪರಿಚಯದ ಗುಜರಿ ಅಂಗಡಿ, ವೆಲ್ಡಿಂಗ್, ಪೇಂಟಿಂಗ್ ಅಂಗಡಿಯವರಿಗೆ ಫೋಟೋ ಕಳಿಸಿ. ರಹಸ್ಯ ಗುರುತಿನ ಫೋಟೋ ಮಾತ್ರ ಕಳಿಸಬೇಡಿ.

ವಿಮಾ ಕಂಪನಿಗೂ ಆರ್‌ಟಿಒಗೂ ಲಿಖಿತವಾಗಿ ತಿಳಿಸಿ. ಪೊಲೀಸ್ ದೂರು ತಡವಿಲ್ಲದೆ ಕೊಟ್ಟಿದ್ದರೆ, ಕಂಪನಿಗೆ ತಿಳಿಸಿದ್ದು ತಡವಾಯಿತು ಎಂಬ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಆದರೂ ತಡ ಮಾಡಬೇಡಿ. ಟ್ರೇಲರ್ ಸಿಗಲೇ ಇಲ್ಲ ಅಂದರೆ ಪತ್ತೆಯಾಗಲಿಲ್ಲ ಎಂದು ಪೊಲೀಸರು ನ್ಯಾಯಾಲಯಕ್ಕೆ ಸಲ್ಲಿಸುವ ‘ಸಿ’ ರಿಪೋರ್ಟ್ ವಿಮೆಗೆ ಬೇಕಾಗುತ್ತದೆ.

ಸಿಕ್ಕರೆ ಅದು ಮೊದಲು ಠಾಣೆಯ ಅಂಗಳಕ್ಕೆ ಬರುತ್ತದೆ. ಪ್ರಕರಣ ಮುಗಿಯುವವರೆಗೆ ಅಲ್ಲೇ ತುಕ್ಕು ಹಿಡಿಯಬೇಕಿಲ್ಲ. ಸುರಕ್ಷಾ ಸಂಹಿತೆಯ 497 ಮತ್ತು 503ನೇ ಕಲಂ ಅಡಿ ತಾತ್ಕಾಲಿಕವಾಗಿ ಬಿಡಿಸಿಕೊಡಿ ಎಂದು ವಕೀಲರ ಮೂಲಕ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು. ಆರ್‌ಸಿ, ವಿಮೆ, ಎಫ್‌ಐಆರ್ ಪ್ರತಿ, ಆಧಾರ್ ಜೊತೆಗಿರಲಿ. ಬಿಡಿಸಿಕೊಂಡ ಕೂಡಲೇ ಲೋಡು ಹೇರಬೇಡಿ. ಗಾಲಿಯ ನಟ್ಟು, ಹಬ್ಬಿನ ಬೇರಿಂಗ್, ಗ್ರೀಸು, ಪಾಟಾ (ಸ್ಪ್ರಿಂಗ್ ಪಟ್ಟಿ), ರಿಂಗಿನ ವೆಲ್ಡಿಂಗ್ ಎಲ್ಲವನ್ನೂ ಮೆಕ್ಯಾನಿಕ್‌ಗೆ ತೋರಿಸಿ, ಸರಿ ಇದೆ ಅಂದ ಮೇಲೆ ಖಾಲಿ ಟ್ರೇಲರನ್ನು ನಿಧಾನಕ್ಕೆ ಎಳೆದುಕೊಂಡು ಊರಿಗೆ ತನ್ನಿ.